ತಪ್ಪು ಅವರದೇ ಅಲ್ಲವೇ? ಅಮೆರಿಕದ ದುಡಿಯುವ ವರ್ಗದ ಕಾದಂಬರಿಗಳ ಕುರಿತು ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ಅಮೆರಿಕದ ಕಾರ್ಖಾನೆ ಕೆಲಸಗಾರರು, ಕೂಲಿಗಳು, ಮನೆಗೆಲಸದವರ ಬದುಕನ್ನು ಚಿತ್ರಿಸುವ ವಾಸ್ತವವಾದಿ ಕಾದಂಬರಿಗಳನ್ನು ಓದುವಾಗ ನನಗೆ ಮರುಕಕ್ಕಿಂತ ಕಿರಿಕಿರಿಯೇ ಹೆಚ್ಚಾಗುತ್ತದೆ. ಪಾತ್ರಗಳು ಒಂದರ ಮೇಲೊಂದು ತಪ್ಪು ನಿರ್ಧಾರ ತೆಗೆದುಕೊಳ್ಳುತ್ತಲೇ ಇರುತ್ತವೆ. ಅಷ್ಟು ಸಿರಿವಂತ ದೇಶದಲ್ಲಿ ಸ್ವಲ್ಪ ವಿವೇಕದಿಂದ ನಡೆದುಕೊಂಡಿದ್ದರೆ ಇವರು ಪಾರಾಗುತ್ತಿರಲಿಲ್ಲವೇ?

ಉತ್ತರ: ಈ ಕಿರಿಕಿರಿ ಸಹಜವಾದದ್ದು, ಒಳ್ಳೆಯ ಲೇಖಕರು ಅದನ್ನು ಮೊದಲೇ ಊಹಿಸಿಯೇ ಬರೆದಿರುತ್ತಾರೆ. ಪಾತ್ರಗಳು ತಪ್ಪು ಮಾಡುತ್ತವೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ಅನುಕೂಲಸ್ಥರು ಅಂಥದೇ ತಪ್ಪು ಮಾಡಿಯೂ ಸುಧಾರಿಸಿಕೊಳ್ಳುತ್ತಾರೆ, ಇವರಿಗೆ ಒಂದೇ ತಪ್ಪಿಗೆ ಮನೆ, ಮಕ್ಕಳು, ಕೆಲಸ ಎಲ್ಲವೂ ಕೈತಪ್ಪುತ್ತವೆ. ಒಂದು ತಪ್ಪಿನ ಬೆಲೆ ಯಾರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಡಾಲರು ಸೆಂಟುಗಳಲ್ಲಿ ಬಿಡಿಸಿ ತೋರಿಸುವುದೇ ಈ ಕಾದಂಬರಿಗಳ ಮುಖ್ಯ ಕೆಲಸವೆಂದು ನನ್ನ ಅಭಿಪ್ರಾಯ.

ಆನ್ ಪೆಟ್ರಿ 1946ರಲ್ಲಿ ಪ್ರಕಟಿಸಿದ ‘ದಿ ಸ್ಟ್ರೀಟ್’ ಇದಕ್ಕೆ ತಕ್ಕ ಉದಾಹರಣೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 116ನೇ ಬೀದಿಯ ಕಟ್ಟಡವೊಂದರ ಮೇಲ್ಮಹಡಿಯ ಇಕ್ಕಟ್ಟಾದ ಮೂರು ಕೋಣೆಗಳನ್ನು ಬಾಡಿಗೆಗೆ ಹಿಡಿದಿರುವ ಲ್ಯೂಟಿ ಜಾನ್ಸನ್ ಎಂಬ ಕಪ್ಪು ಹೆಂಗಸು, ಎಂಟು ವರ್ಷದ ಮಗ ಬಬ್‌ನನ್ನು ಒಬ್ಬಳೇ ಸಾಕುತ್ತಿರುತ್ತಾಳೆ. ಹಿಂದೆ ಕನೆಕ್ಟಿಕಟ್‌ನ ಸಿರಿವಂತ ಬಿಳಿಯರ ಮನೆಯಲ್ಲೇ ಉಳಿದು ಕೆಲಸ ಮಾಡುತ್ತಿದ್ದಾಗ, ಮನಸ್ಸು ಮಾಡಿದರೆ ಯಾರು ಬೇಕಾದರೂ ಹಣವಂತರಾಗಬಹುದೆಂಬ ಅವರ ನಂಬಿಕೆ ಅವಳಿಗೂ ಹತ್ತಿಕೊಂಡಿರುತ್ತದೆ; ಅಂಗಡಿಯಲ್ಲಿ ಬನ್ನು ಕೊಂಡು ಬರುವಾಗಲೂ, ಕೈಯಲ್ಲಿ ಬ್ರೆಡ್ಡು ಹಿಡಿದು ಫಿಲಡೆಲ್ಫಿಯಾದ ಬೀದಿಗಳಲ್ಲಿ ನಡೆದು ಮುಂದೆ ದೊಡ್ಡ ಮನುಷ್ಯನಾದ ಬೆಂಜಮಿನ್ ಫ್ರಾಂಕ್ಲಿನ್ ಅವಳಿಗೆ ನೆನಪಾಗುತ್ತಾನೆ. ರಾತ್ರಿ ಓದಿ ಪರೀಕ್ಷೆ ಪಾಸು ಮಾಡಿ ಕಚೇರಿಯಲ್ಲಿ ಕಡತ ಜೋಡಿಸುವ ಕೆಲಸ ಗಿಟ್ಟಿಸಿರುತ್ತಾಳೆ. ವಿವೇಕವೆಂದರೆ ಇನ್ನೇನು?

ಕಟ್ಟಡದ ಮೇಲ್ವಿಚಾರಕ ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವಳು ಒಲ್ಲೆನೆಂದದ್ದಕ್ಕೆ ಸೇಡು ತೀರಿಸಿಕೊಳ್ಳಲು, ಬಬ್‌ನನ್ನು ಪುಸಲಾಯಿಸಿ ಅಂಚೆಪೆಟ್ಟಿಗೆಗಳಿಂದ ಕಾಗದ ಕದಿಯುವುದಕ್ಕೆ ಹಚ್ಚುತ್ತಾನೆ. ಹುಡುಗ ಸಿಕ್ಕಿಬೀಳುತ್ತಾನೆ, ಲ್ಯೂಟಿ ವಕೀಲನ ಬಳಿ ಓಡುತ್ತಾಳೆ, ವಕೀಲ 200 ಡಾಲರ್ ಕೇಳುತ್ತಾನೆ. ಮಕ್ಕಳ ಈ ಪ್ರಕರಣಕ್ಕೆ ವಕೀಲನ ಅಗತ್ಯವೇ ಇಲ್ಲವೆಂಬುದು ಅವನಿಗೆ ಗೊತ್ತು. ಅವಳಿಗೆ ಅದು ಗೊತ್ತಿಲ್ಲವೆಂಬುದೂ ಗೊತ್ತು. ಹಣಕ್ಕಾಗಿ ಅವಳು ವಾದ್ಯವೃಂದದ ನಾಯಕನೊಬ್ಬನ ಮನೆಗೆ ಹೋಗುತ್ತಾಳೆ. ಅಲ್ಲಿ ಅವನು ಅವಳ ಮೇಲೆ ಬಲಾತ್ಕಾರಕ್ಕೆ ಬಂದಾಗ, ಅಷ್ಟು ದಿನ ನುಂಗಿಕೊಂಡ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿ, ಕೈಗೆ ಸಿಕ್ಕ ಮೇಣದಬತ್ತಿಯ ಕಂಬದಿಂದ ಹೊಡೆದು ಕೊಂದುಬಿಡುತ್ತಾಳೆ. ಮಗನನ್ನು ಅಲ್ಲೇ ಬಿಟ್ಟು ಶಿಕಾಗೋ ರೈಲು ಹತ್ತುತ್ತಾಳೆ. ಕೊನೆಯದನ್ನು ಬಿಟ್ಟರೆ ಅವಳ ಒಂದೊಂದು ಹೆಜ್ಜೆಯೂ ಸಮಂಜಸವಾದದ್ದೇ. ವಕೀಲ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಮಿಕ್ಕದ್ದು ನಡೆಯುತ್ತಲೇ ಇರಲಿಲ್ಲ, ಮತ್ತು ತಿಳಿದವರೊಬ್ಬರ ಪರಿಚಯವಿರುವ ಮನೆಗೆ ಆ ಮಾತು ಬಿಟ್ಟಿಯಾಗಿಯೇ ಸಿಗುತ್ತಿತ್ತು.

ಲೆಕ್ಕದ ವಿಷಯಕ್ಕೆ ಬಂದರೆ ಥಿಯೊಡೋರ್ ಡ್ರೈಸರ್‌ನಷ್ಟು ಕಟ್ಟುನಿಟ್ಟಿನವರು ಕಡಿಮೆ. 1900ರಲ್ಲಿ ಬಂದ ‘ಸಿಸ್ಟರ್ ಕ್ಯಾರಿ’ಯಲ್ಲಿ, ಹಳ್ಳಿಗಾಡಿನಿಂದ ಶಿಕಾಗೋಗೆ ಬಂದ ಹುಡುಗಿಗೆ ಶೂ ಕಾರ್ಖಾನೆಯಲ್ಲಿ ಸಿಗುವ ವಾರದ ಕೂಲಿ ನಾಲ್ಕೂವರೆ ಡಾಲರ್, ಊಟ ವಸತಿಗೆಂದು ಅಕ್ಕನ ಮನೆಗೆ ಕೊಡಬೇಕಾದದ್ದು ನಾಲ್ಕು ಡಾಲರ್. ಉಳಿದ ಅರ್ಧ ಡಾಲರ್‌ನಲ್ಲೇ ಟ್ರಾಮಿನ ಚಾರ್ಜು, ಅದರಲ್ಲೇ ಚಳಿಗಾಲದ ಬಟ್ಟೆ. ಬೆಚ್ಚನೆಯ ಬಟ್ಟೆಯಿಲ್ಲದೆ ಅವಳು ಕಾಯಿಲೆ ಬೀಳುತ್ತಾಳೆ, ಕೆಲಸ ಹೋಗುತ್ತದೆ. ಆಗ ಪರಿಚಯದ ಮಾರಾಟಗಾರನೊಬ್ಬ ಹತ್ತು ಡಾಲರ್‌ನ ಎರಡು ನೋಟುಗಳನ್ನು ಅವಳ ಕೈಗಿಡುತ್ತಾನೆ. ಅರ್ಧರ್ಧ ಡಾಲರ್ ಉಳಿಸಿದರೆ ಆ ಮೊತ್ತಕ್ಕೆ 40 ವಾರ ಬೇಕು, ಅದೂ ಒಂದು ಕಾಸೂ ಖರ್ಚು ಮಾಡದಿದ್ದರೆ. ಅವನೊಂದಿಗೆ ಹೋಗಿ ಇರಲು ಅವಳು ಒಪ್ಪಿದ್ದು ಅಂದಿನವರ ಕಣ್ಣಿಗೆ ನೀತಿಗೆಟ್ಟ ನಿರ್ಧಾರ. ಪ್ರಕಾಶಕರೇ ಅಳುಕಿ ಪುಸ್ತಕವನ್ನು ಪ್ರಚಾರವಿಲ್ಲದೆ ಹೊರತಂದರು. ಡ್ರೈಸರ್ ಮಾತ್ರ ಅವಳ ಪರವಾಗಿ ವಾದಿಸಲು ಹೋಗದೆ ಲೆಕ್ಕವನ್ನಷ್ಟೇ ಮುಂದಿಡುತ್ತಾನೆ.

ಅಪ್ಟನ್ ಸಿಂಕ್ಲೇರ್‌ನ ‘ದಿ ಜಂಗಲ್’ (1906) ಶಿಕಾಗೋದ ಮಾಂಸದ ಕಾರ್ಖಾನೆಗಳ ಹೊಲಸಿನ ಚಿತ್ರಣಕ್ಕಾಗಿ ಹೆಸರಾಯಿತು. ಅದೇ ವರ್ಷ ಮಾಂಸ ತಪಾಸಣೆಯ ಕಾನೂನು ಬಂದದ್ದರ ಹಿಂದೆ ಅದರ ಪ್ರಭಾವವೂ ಇತ್ತು. ನಿಮ್ಮ ಪ್ರಶ್ನೆಯ ಮಟ್ಟಿಗೆ ಅದರಲ್ಲಿ ಮುಖ್ಯವಾದದ್ದು ಮನೆ ಖರೀದಿಯ ಪ್ರಸಂಗ. ಲಿಥುವೇನಿಯಾದಿಂದ ವಲಸೆ ಬಂದ ಯುರ್ಗಿಸ್‌ನ ಕುಟುಂಬ 1,500 ಡಾಲರ್‌ನ ಮನೆಗೆ 300 ಡಾಲರ್ ಮುಂಗಡ ಕೊಟ್ಟು, ತಿಂಗಳಿಗೆ 12 ಡಾಲರ್ ಕಂತೆಂದು ನಂಬಿ ರುಜು ಹಾಕುತ್ತದೆ. ಅದಕ್ಕೆ ಬಡ್ಡಿಯೂ ಸೇರುತ್ತದೆಂಬುದು ತಿಳಿಯುವುದು ಆಮೇಲೆ, ನೆರೆಮನೆಯ ಮುದುಕಿಯಿಂದ. ಯುರ್ಗಿಸ್‌ಗೆ ಯಾವ ಸಂಕಟಕ್ಕೂ ಗೊತ್ತಿರುವುದು ಒಂದೇ ಪರಿಹಾರ: ಇನ್ನೂ ಹೆಚ್ಚು ದುಡಿಯುತ್ತೇನೆ ಎನ್ನುವುದು. ನಿಮ್ಮ ಪ್ರಶ್ನೆಯಲ್ಲಿರುವ ನಂಬಿಕೆಯನ್ನು ಈ ಪಾತ್ರಗಳು ನಿಮಗಿಂತ ಗಟ್ಟಿಯಾಗಿ ಹಿಡಿದುಕೊಂಡಿವೆ. ಸೋತಾಗ ಅವರು ಮೊದಲು ದೂರುವುದೂ ತಮ್ಮನ್ನೇ.

ಹಾಗೆಂದು ಎಲ್ಲ ಹೊಣೆಯನ್ನೂ ಹಣದ ಮೇಲೆ ಹಾಕಿ ಕೈತೊಳೆದುಕೊಳ್ಳುವ ಕಾದಂಬರಿಗಳು ನನಗೆ ರುಚಿಸುವುದಿಲ್ಲ. ರಸೆಲ್ ಬ್ಯಾಂಕ್ಸ್ 1989ರಲ್ಲಿ ಬರೆದ ‘ಅಫ್ಲಿಕ್ಷನ್’ ಆ ತಪ್ಪು ಮಾಡುವುದಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಸಣ್ಣ ಊರಿನಲ್ಲಿ ಬಾವಿ ಕೊರೆಯುವ, ಹಿಮ ತೆಗೆಯುವ, ಜೊತೆಗೆ ಅರೆಕಾಲಿಕ ಪೊಲೀಸನೂ ಆಗಿರುವ ವೇಡ್ ವೈಟ್‌ಹೌಸ್, ಕುಡುಕ ತಂದೆಯಿಂದ ಹೊಡೆತ ತಿಂದು ಬೆಳೆದವನು. ಪುಸ್ತಕದುದ್ದಕ್ಕೂ ಅವನ ಹಲ್ಲು ನೋಯುತ್ತಲೇ ಇರುತ್ತದೆ. ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾ ಕೊನೆಗೆ ಇಕ್ಕಳದಿಂದ ತಾನೇ ಕಿತ್ತುಕೊಳ್ಳುತ್ತಾನೆ. ಅವನು ಮಾಡುವ ಕೊಲೆಗಳಿಗೆ ಬಡತನ ಉತ್ತರವಾಗಲಾರದು. ಕಥೆ ಹೇಳುವ ತಮ್ಮ ಅದೇ ತಂದೆಯ ಮಗ, ಓದಿ ಇತಿಹಾಸದ ಮೇಷ್ಟರಾದವನು. ಅಣ್ಣನ ಹೊಣೆ ಎಷ್ಟು, ತಂದೆಯದೆಷ್ಟು ಎಂದು ಅವನು ಅಳೆಯುತ್ತಲೇ ಹೋಗುತ್ತಾನೆ, ಆದರೆ ಆ ಲೆಕ್ಕ ಅವನಿಗೂ ಬಗೆಹರಿಯುವುದಿಲ್ಲ.

ಈಚಿನದು ಬೇಕೆನ್ನುವವರಿಗೆ ಬಾರ್ಬರಾ ಕಿಂಗ್‌ಸಾಲ್ವರ್‌ರ ‘ಡೀಮನ್ ಕಾಪರ್‌ಹೆಡ್’ (2022) ಇದೆ. ವರ್ಜೀನಿಯಾದ ಲೀ ಕೌಂಟಿಯ ಅನಾಥ ಹುಡುಗನೊಬ್ಬ ಫುಟ್‌ಬಾಲ್ ಆಡಿ ಮಂಡಿ ಮುರಿದುಕೊಂಡು, ವೈದ್ಯರೇ ಬರೆದುಕೊಟ್ಟ ನೋವಿನ ಮಾತ್ರೆಗಳಿಂದ ಚಟಕ್ಕೆ ಬೀಳುವ ಕಥೆ. ಆದರೆ ಮೊದಲು ‘ದಿ ಸ್ಟ್ರೀಟ್’ ಓದಿ, ಪೆನ್ಸಿಲ್ ಹಿಡಿದು, ಹಣದ ಮೊತ್ತ ಬಂದಲ್ಲೆಲ್ಲ ಗೆರೆ ಹಾಕುತ್ತಾ ಹೋಗಿ. ‘ದಿ ಜಂಗಲ್’ನ ಕೊನೆಯ ಅಧ್ಯಾಯಗಳು ಸಮಾಜವಾದದ ಭಾಷಣಗಳೇ ಆಗಿಬಿಟ್ಟಿರುವುದರಿಂದ ಅವನ್ನು ಬಿಟ್ಟರೂ ನಷ್ಟವಿಲ್ಲ.