ಒಮೆಗಾ-3 ಬೇಕಾ? ಅಗಸಿ ಹಿಂಡಿ ಇದೆಯಲ್ಲ

ಆಹಾರ ಸಲಹೆಗೆ ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ, "ಯಾವ ಎಣ್ಣೆ ಒಳ್ಳೇದು?" ಉತ್ತರ ಹೇಳುವ ಮೊದಲು ನಾನೂ ಒಂದು ಕೇಳುತ್ತೇನೆ: ಮನೆಯಲ್ಲಿ ಅಗಸೆ ಬೀಜ ಬಳಸುತ್ತೀರಾ, ಮೀನು ತಿನ್ನುತ್ತೀರಾ?

ಎಣ್ಣೆ, ಕೊಬ್ಬು ಆಗಿರುವುದು ಮುಖ್ಯವಾಗಿ ಕೊಬ್ಬಿನಾಮ್ಲಗಳಿಂದ. ನಮಗೆ ಬೇಕಾದ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನವನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. ಎರಡನ್ನು ಮಾತ್ರ ಮಾಡಿಕೊಳ್ಳಲಾರದು. ಒಂದು, ಒಮೆಗಾ-6 ಗುಂಪಿನ ಲಿನೋಲಿಯಿಕ್ ಆಮ್ಲ. ಇನ್ನೊಂದು, ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಇವು ಊಟದಿಂದಲೇ ಬರಬೇಕು. 1929ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮದಲ್ಲಿ ಹೊಟ್ಟು ಎದ್ದಿತು, ಬೆಳವಣಿಗೆ ಕುಂಠಿತವಾಯಿತು. ಕೊಬ್ಬು ಅಂದರೆ ಸುಮ್ನೆ ಕ್ಯಾಲರಿ ಅಲ್ಲ ಅಂತ ಗೊತ್ತಾಗಿದ್ದು ಹಾಗೆ.

ಸೂರ್ಯಕಾಂತಿ ಎಣ್ಣೆ ಬಳಸುವ ಮನೆಗಳಲ್ಲಿ ಒಮೆಗಾ-6ಗೆ ಕೊರತೆ ಇರುವುದಿಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಇರುತ್ತದೆ. ಅದು ಕೆಟ್ಟದ್ದೂ ಅಲ್ಲ. ಆದರೆ ಆ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಶೇಂಗಾ ಎಣ್ಣೆಯದ್ದೂ ಅದೇ ಕಥೆ. ಹಾಗಾಗಿ ಒಂದು ಬಿಟ್ಟು ಇನ್ನೊಂದು ಕೊಂಡರೆ ಈ ಕೊರತೆ ತುಂಬುವುದಿಲ್ಲ.

ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಇದಕ್ಕೆ ಪರಿಹಾರ ಎಂದಿನಿಂದಲೂ ಇದೆ. ರೊಟ್ಟಿಯ ಜೊತೆಗಿನ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ! ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3, ಅಂದರೆ ಮೇಲೆ ಹೇಳಿದ ಆಲ್ಫಾ ಲಿನೋಲೆನಿಕ್ ಆಮ್ಲ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ, ಅಂದರೆ ಸುಮಾರು 7 ಗ್ರಾಂನಲ್ಲಿ, ಒಂದೂವರೆ ಗ್ರಾಂನಷ್ಟು ಸಿಗುತ್ತದೆ. ದೊಡ್ಡವರ ಒಂದು ದಿನದ ಅಗತ್ಯ ಹತ್ತಿರ ಹತ್ತಿರ ಇಷ್ಟೇ. ಶೇಂಗಾ, ಗುರೆಳ್ಳು ಹಿಂಡಿಗಳೂ ರುಚಿಯೇ, ಪೌಷ್ಟಿಕವೂ ಹೌದು. ಆದರೆ ಈ ವಿಷಯದಲ್ಲಿ ಅವು ಅಗಸೆಯ ಜಾಗ ತುಂಬಲಾರವು. ಬೀಜವನ್ನು ಇಡಿಯಾಗಿ ನುಂಗಬೇಡಿ, ಗಟ್ಟಿ ಸಿಪ್ಪೆಯಿಂದಾಗಿ ಜೀರ್ಣವಾಗದೆ ಹಾಗೇ ಹೊರಗೆ ಹೋಗಬಹುದು. ಹದವಾಗಿ ಹುರಿದು, ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಕಮಟು ವಾಸನೆ ಬಂದರೆ ಎಸೆಯಿರಿ.

ಕರಾವಳಿಯವರಿಗೆ ಇನ್ನೂ ಸುಲಭ. ಬಂಗುಡೆ, ಬೂತಾಯಿ ಮೀನುಗಳಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ತಯಾರಾಗಿಯೇ ಇರುತ್ತದೆ. ಮೆದುಳಿಗೂ ಕಣ್ಣಿನ ರೆಟಿನಾಕ್ಕೂ ಬೇಕಾದದ್ದು ಈ ಡಿಎಚ್‌ಎ. ವಾರಕ್ಕೆ ಎರಡು ಸಲ ತಿಂದರೆ ಒಳ್ಳೆಯದು, ಅದೂ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು) ಮಾಡಿ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಒಮೆಗಾ-3 ಸ್ವಲ್ಪ ಹೋಗಿ, ಕರಿದ ಎಣ್ಣೆ ಒಳಗೆ ಸೇರುತ್ತದೆ.

ಅಗಸೆಯ ಒಮೆಗಾ-3 ದೇಹದಲ್ಲಿ ಡಿಎಚ್‌ಎ ಆಗಿ ಬದಲಾಗುವುದು ತೀರಾ ಕಡಿಮೆ. ಇದನ್ನು ಮುಚ್ಚಿಡಬಾರದು. ಅದಕ್ಕೇ ಮೀನು ತಿನ್ನದ ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಪಾಚಿಯಿಂದ ತೆಗೆದ ಡಿಎಚ್‌ಎ ಬಗ್ಗೆ ವೈದ್ಯರ ಹತ್ತಿರ ಮಾತಾಡಬೇಕು. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಮೀನೆಣ್ಣೆ ಕ್ಯಾಪ್ಸೂಲ್ ಅನ್ನು ಕೇಳದೆ ಶುರು ಮಾಡಬೇಡಿ. ಉಳಿದವರಲ್ಲಿ ಹೆಚ್ಚಿನವರಿಗೆ ಕ್ಯಾಪ್ಸೂಲ್‌ನ ಖರ್ಚೇ ಬೇಕಿಲ್ಲ.