ಎಲೀಯನ ಕುರ್ಚಿ, ಕಲೋನಿನ ತೀರ್ಪು: ಯೆಹೂದಿ ಸುನ್ನತಿಯ ಹಿನ್ನೆಲೆ

ಯೆಹೂದಿ ಮನೆಯಲ್ಲಿ ಗಂಡುಮಗು ಹುಟ್ಟಿದ ಎಂಟನೆಯ ದಿನ ಸುನ್ನತಿಗೆ ನೆಂಟರಿಷ್ಟರೆಲ್ಲ ಸೇರಿದರೂ ಒಂದು ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಅದು ಪ್ರವಾದಿ ಎಲೀಯನದು. ಜನರು ದೇವರ ಒಡಂಬಡಿಕೆಯನ್ನು ಮರೆತರೆಂದು ದೂರಿದವನು ಅವನೇ. ಹಾಗಾಗಿ ಪ್ರತಿ ಸುನ್ನತಿಗೂ ಬಂದು ಕಣ್ಣಾರೆ ನೋಡಿಕೊಂಡು ಹೋಗಲಿ ಎಂಬುದು ನಂಬಿಕೆ. ಕೂಸನ್ನು ಕ್ಷಣಕಾಲ ಆ ಕುರ್ಚಿಯ ಮೇಲಿಟ್ಟು, ಬಳಿಕ ‘ಸಂದಕ್’ ಎಂಬ ಹಿರಿಯರ ಮಡಿಲಿಗೆ ಹಾಕುತ್ತಾರೆ. ಹೆಚ್ಚಾಗಿ ಅಜ್ಜನಿಗೇ ಈ ಗೌರವ. ಮುಂದೊಗಲನ್ನು ಕತ್ತರಿಸುವವರು ಇದರಲ್ಲೇ ಪಳಗಿದ ‘ಮೊಹೆಲ್’. ಅಳುವ ಮಗುವಿನ ತುಟಿಗೆ ದ್ರಾಕ್ಷಾರಸದ ಹನಿ ತಾಕಿಸಿ, ಅದುವರೆಗೆ ಗುಟ್ಟಾಗಿಟ್ಟಿದ್ದ ಹೆಸರನ್ನು ಎಲ್ಲರೆದುರು ಹೇಳುತ್ತಾರೆ. ಆಮೇಲೆ ಊಟ.

ಹೀಬ್ರೂವಿನಲ್ಲಿ ಇದು ‘ಬ್ರಿತ್ ಮಿಲಾ’, ಸುನ್ನತಿಯ ಒಡಂಬಡಿಕೆ. ಬೈಬಲಿನ ಆದಿಕಾಂಡದ ಪ್ರಕಾರ ಯೆಹೂದಿಗಳ ಮೂಲಪುರುಷ ಅಬ್ರಹಾಮ 99ನೇ ವಯಸ್ಸಿನಲ್ಲಿ ತಾನೇ ಮಾಡಿಸಿಕೊಂಡ. ಎಂಟನೆಯ ದಿನ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತೇ ಆದರೂ ಶಾಸ್ತ್ರ ತಪ್ಪುವಂತಿಲ್ಲ. ಆದರೆ ಮಗುವಿಗೆ ಕಾಮಾಲೆ ಇದ್ದರೆ ಮುಂದೂಡಲೇಬೇಕು. ಸುನ್ನತಿಯಿಂದ ಇಬ್ಬರು ಅಣ್ಣಂದಿರು ಸತ್ತಿದ್ದರೆ ಮೂರನೆಯವನಿಗೆ ಬೇಡ ಎನ್ನುತ್ತದೆ ಯೆಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್. ರಕ್ತ ಹೆಪ್ಪುಗಟ್ಟದ ರೋಗಕ್ಕೆ ಹೆಸರೇ ಇಲ್ಲದ ಕಾಲದ ಮಾತಿದು!

ನಿಷೇಧಗಳೂ ಹಳೆಯವೇ. ಕ್ರಿ.ಪೂ. 167ರ ಸುಮಾರಿಗೆ ಯೆಹೂದಿಗಳ ನಾಡನ್ನು ಆಳುತ್ತಿದ್ದ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಸುನ್ನತಿಯನ್ನು ನಿಷೇಧಿಸಿದ. ಅವನ ವಿರುದ್ಧ ಯೆಹೂದಿಗಳು ಎದ್ದ ಮಕ್ಕಾಬಿಯರ ದಂಗೆಗೆ ಅದೂ ಒಂದು ಕಾರಣವಾಯಿತು. ಅದೇ ಕಾಲದಲ್ಲಿ ಗ್ರೀಕ್ ವ್ಯಾಯಾಮಶಾಲೆಯಲ್ಲಿ ಬೆತ್ತಲೆ ನಿಲ್ಲಲು ನಾಚಿದ ಕೆಲವು ಯೆಹೂದಿಗಳು ಚರ್ಮವನ್ನು ಎಳೆದು ಗುರುತು ಮರೆಸಿಕೊಳ್ಳುತ್ತಿದ್ದರು. ಒಳಪೊರೆಯನ್ನೂ ಹರಿದು ಹಿಂದೆ ಸರಿಸುವ ‘ಪೆರಿಯಾ’ ಈ ಉಪಾಯವನ್ನು ತಡೆಯಲೆಂದೇ ಸೇರಿತು ಎಂದು ಹಲವು ವಿದ್ವಾಂಸರ ಊಹೆ.

ಇನ್ನೊಂದು ಹಂತ ಗಾಯದ ರಕ್ತವನ್ನು ಹೀರುವುದು. ಮೊದಲು ಅದನ್ನು ಬಾಯಿಂದಲೇ ಹೀರುತ್ತಿದ್ದರು. ಸೋಂಕಿನ ಭಯ ಎದ್ದಾಗ, 1837ರಲ್ಲಿ ರಬ್ಬಿ (ಧರ್ಮಗುರು) ಮೋಸೆಸ್ ಸೋಫರ್ ಸ್ಪಂಜು ಸಾಕು ಎಂದರು. ಸುಧಾರಕರನ್ನು ಕಂಡರಾಗದ ಕಟ್ಟಾ ಸಂಪ್ರದಾಯಸ್ಥರ ಬಾಯಲ್ಲಿ ಈ ಮಾತು! ಆಮೇಲೆ ಗಾಜಿನ ಕೊಳವೆಯೂ ಬಂತು. ಆದರೂ ಹಸಿದಿ ಎಂಬ ಕಟ್ಟಾ ಸಂಪ್ರದಾಯಸ್ಥ ಪಂಥದ ಕೆಲವು ಪಂಗಡಗಳು ಬಾಯನ್ನು ಬಿಡಲಿಲ್ಲ. ಶಿಶುಗಳಿಗೆ ಹರ್ಪಿಸ್ ವೈರಸ್ ತಗುಲಿದ ಪ್ರಕರಣಗಳ ಬಳಿಕ 2012ರಲ್ಲಿ ನ್ಯೂಯಾರ್ಕ್ ನಗರ ಬಾಯಿಂದ ಹೀರಲು ಹೆತ್ತವರ ಲಿಖಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿತು, 2015ರಲ್ಲಿ ಕೈಬಿಟ್ಟಿತು. ಕೊಳವೆ ಕೈಗೆಟುಕುವಂತಿರುವಾಗ ಈ ಹಟಕ್ಕೆ ನನಗಂತೂ ಸಮರ್ಥನೆ ಕಾಣುವುದಿಲ್ಲ.

ಕೂಸಿನ ಒಪ್ಪಿಗೆಯ ಪ್ರಶ್ನೆ ಇದಕ್ಕಿಂತ ಜಟಿಲ. ಅದನ್ನು ದೊಡ್ಡದು ಮಾಡಿದ್ದು ಯೆಹೂದಿಗಳಿಗೆ ಸಂಬಂಧವೇ ಇಲ್ಲದ ಮೊಕದ್ದಮೆ. ನಾಲ್ಕು ವರ್ಷದ ಮುಸ್ಲಿಂ ಬಾಲಕನಿಗೆ ಸುನ್ನತಿಯ ನಂತರ ರಕ್ತಸ್ರಾವವಾಗಿತ್ತು. ಧಾರ್ಮಿಕ ಕಾರಣಕ್ಕೆ ಮಗುವಿನ ಸುನ್ನತಿ ಮಾಡುವುದು ದೇಹಕ್ಕೆ ಗಾಯ ಮಾಡಿದ ಅಪರಾಧ ಎಂದು 2012ರ ಮೇ ತಿಂಗಳಲ್ಲಿ ಜರ್ಮನಿಯ ಕಲೋನ್ ನ್ಯಾಯಾಲಯ ಹೇಳಿತು; ವೈದ್ಯರನ್ನು ಮಾತ್ರ ಖುಲಾಸೆ ಮಾಡಿತು. ಹಿಟ್ಲರನ ದೇಶದಲ್ಲಿ ಇಂಥ ಮಾತು ಯೆಹೂದಿಗಳ ಕಿವಿಗೆ ಹೇಗೆ ಬಿದ್ದಿರಬೇಡ? ಅದೇ ಡಿಸೆಂಬರಿನಲ್ಲಿ ಸಂಸತ್ತು ಸುನ್ನತಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಮೊದಲ ಆರು ತಿಂಗಳು ವೈದ್ಯರಲ್ಲದ, ತರಬೇತಿ ಪಡೆದ ಮೊಹೆಲ್ ಕೂಡ ಮಾಡಬಹುದು. 2018ರಲ್ಲಿ ಐಸ್‌ಲ್ಯಾಂಡಿನಲ್ಲಿ ಸುನ್ನತಿ ಮಾಡಿದವರಿಗೆ ಆರು ವರ್ಷದವರೆಗೆ ಜೈಲು ಎಂಬ ಮಸೂದೆ ಬಂದು ಬಿದ್ದುಹೋಯಿತು.

ವಿರೋಧಿಗಳನ್ನೆಲ್ಲ ಯೆಹೂದಿ ದ್ವೇಷಿಗಳೆಂದು ತಳ್ಳಿಹಾಕುವಂತಿಲ್ಲ. ‘ಬ್ರಿತ್ ಶಾಲೋಮ್’ ಎಂಬ ಬದಲಿ ಶಾಸ್ತ್ರ ಮಾಡುವವರು ಯೆಹೂದಿಗಳೇ. ಸಂಖ್ಯೆಯಲ್ಲಿ ಇನ್ನೂ ಬೆರಳೆಣಿಕೆಯವರು. ಅವರ ಮನೆಯಲ್ಲಿ ಹರಸುವ ಮಾತು, ಹೆಸರು, ಊಟ ಎಲ್ಲ ಇರುತ್ತದೆ, ಕತ್ತಿ ಇರುವುದಿಲ್ಲ.