ಪದ ಪರಿಚಯ: ದೇಣಿಗೆ ವಂಚನೆ

ಒಂದು ಒಳ್ಳೆಯ ಕೆಲಸದ ಹೆಸರು ಹೇಳಿ ಹಣ ಎತ್ತಿ, ಅದನ್ನು ಆ ಕೆಲಸಕ್ಕೆ ತಲುಪಿಸದೆ ಜೇಬಿಗಿಳಿಸುವುದು ದೇಣಿಗೆ ವಂಚನೆ. ದಾನಕ್ಕೂ ದೇಣಿಗೆಗೂ ಬಳಕೆಯಲ್ಲಿ ಎಳೆಯಷ್ಟು ವ್ಯತ್ಯಾಸವಿದೆ. ದಾನ ಕೊಟ್ಟವರು ಸಾಮಾನ್ಯವಾಗಿ ಲೆಕ್ಕ ಕೇಳುವುದಿಲ್ಲ. ದೇಣಿಗೆ ಒಂದು ಉದ್ದೇಶಕ್ಕೆಂದು ಕೊಟ್ಟ ಹಣ, ಅದಕ್ಕೆ ರಸೀದಿ ಇರುತ್ತದೆ, ಖರ್ಚಿನ ಲೆಕ್ಕ ಇರುತ್ತದೆ. ವಂಚಕರು ಕೇಳುವುದು ದೇಣಿಗೆಯನ್ನೇ, ಆದರೆ ನಾವು ಅದನ್ನು ದಾನದ ಮನಸ್ಸಿನಲ್ಲಿ ಕೊಟ್ಟು ಮರೆಯಲಿ ಎಂಬುದು ಅವರ ಆಸೆ.

ಸಾಮಾಜಿಕ ಜಾಲತಾಣಗಳಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಫೋಟೊ ನಿಜವೇ ಎಂದು ನೋಡುತ್ತಾರೆ, ನಿಜ ಅನ್ನಿಸಿದ ಕೂಡಲೇ ಹಣ ಕಳಿಸುತ್ತಾರೆ. ಎಷ್ಟೋ ಸಲ ಫೋಟೊ ನಿಜವೇ ಆಗಿರುತ್ತದೆ. ಮಗು ನಿಜ, ಕಾಯಿಲೆ ನಿಜ, ಆಸ್ಪತ್ರೆಯ ಬಿಲ್ಲೂ ನಿಜ. ಬೇರೆ ಕುಟುಂಬದ ಮನವಿಯನ್ನು ಕದ್ದು, ಖಾತೆ ಸಂಖ್ಯೆ ಅಥವಾ ಕ್ಯೂಆರ್ ಕೋಡ್ ಮಾತ್ರ ಬದಲಿಸಿರುತ್ತಾರೆ. ಹಾಗಾಗಿ ಪರೀಕ್ಷೆ ಶುರುವಾಗಬೇಕಾದದ್ದು ಹಣ ಹೋಗುವ ದಾರಿಯಿಂದ.

ಸ್ಕ್ರೀನ್‌ಶಾಟ್ ರೂಪದಲ್ಲಿ ಬಂದ ಮನವಿಯನ್ನು ನಂಬಬೇಡಿ. ಮೂಲ ಪುಟ ಹುಡುಕಿ, ಅಲ್ಲಿರುವ ಖಾತೆಯ ಜೊತೆ ಹೋಲಿಸಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಾವತಿಗೆ ಮುನ್ನ ಪಡೆಯುವವರ ಹೆಸರು ತೋರಿಸಿದರೆ ಅದನ್ನು ಓದಿ. ಸಂಸ್ಥೆಯ ಹೆಸರಲ್ಲಿ ಕೇಳಿ ವ್ಯಕ್ತಿಯ ಖಾತೆಗೆ ಹಣ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಚಿಕಿತ್ಸೆಗಾದರೆ ಆಸ್ಪತ್ರೆಯ ಖಾತೆಗೇ, ರೋಗಿಯ ನೋಂದಣಿ ಸಂಖ್ಯೆ ನಮೂದಿಸಿ ಕಟ್ಟಬಹುದೇ ಎಂದು ವಿಚಾರಿಸಿ. ವಿಚಾರಿಸುವ ಫೋನ್ ನಂಬರನ್ನು ಆಸ್ಪತ್ರೆಯ ಜಾಲತಾಣದಿಂದ ತೆಗೆದುಕೊಳ್ಳಿ. ಪೋಸ್ಟ್‌ನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ವಂಚಕರ ಕಡೆಯವರೇ ಎತ್ತಬಹುದು. ಗಿಫ್ಟ್ ಕಾರ್ಡ್ ಅಥವಾ ಕ್ರಿಪ್ಟೊದಲ್ಲೇ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ) ಕೊಡಿ ಎಂದು ಪಟ್ಟು ಹಿಡಿದರೆ ಬೇರೆ ಪುರಾವೆ ಬೇಕಿಲ್ಲ. ಆ ದಾರಿಗಳಲ್ಲಿ ಹೋದ ಹಣವನ್ನು ಹಿಂದಕ್ಕೆ ತರುವುದು ಬಹುತೇಕ ಅಸಾಧ್ಯ, ಅದಕ್ಕೇ ಅವರಿಗೆ ಅದು ಇಷ್ಟ.

ಜಾಲತಾಣದ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಯ (/) ತನಕ ಬಂದು, ಅಲ್ಲಿಂದ ಎಡಕ್ಕೆ ಓದಿ. ನಿಜವಾದ ಒಡೆಯರ ಹೆಸರು ಆ ತುದಿಯಲ್ಲಿರುತ್ತದೆ. ಪ್ರಸಿದ್ಧ ಸಂಸ್ಥೆಯ ಹೆಸರನ್ನು ವಿಳಾಸದ ಆರಂಭಕ್ಕೆ ಯಾರು ಬೇಕಾದರೂ ಅಂಟಿಸಬಹುದು.

ಇನ್ನು ಪ್ರೊಫೈಲ್. ಫೇಸ್‌ಬುಕ್ ಪುಟದ ‘ಪೇಜ್ ಟ್ರಾನ್ಸ್‌ಪರೆನ್ಸಿ’ಯಲ್ಲಿ ಪುಟ ಹುಟ್ಟಿದ ದಿನ ಮತ್ತು ಹಳೆಯ ಹೆಸರುಗಳು ಸಿಗುತ್ತವೆ. ನಿನ್ನೆಯವರೆಗೆ ಸಿನಿಮಾ ತಮಾಷೆಯ ಪುಟವಾಗಿದ್ದದ್ದು ಇಂದು ಪರಿಹಾರ ನಿಧಿಯಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ನೀಲಿ ಟಿಕ್ ಮೇಲೆ ಭರವಸೆ ಬೇಡ: 2022ರ ಕೊನೆಯಿಂದ ಟ್ವಿಟರ್‌ನಲ್ಲಿ (ಈಗಿನ ಎಕ್ಸ್), 2023ರಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲೂ ಅದು ದುಡ್ಡಿಗೆ ಸಿಗುತ್ತದೆ.

ಫೋಟೊ ಪರೀಕ್ಷೆಗೆ, ಅಂದರೆ ಅದೇ ಚಿತ್ರ ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕಲು, ಗೂಗಲ್ ಲೆನ್ಸ್ ಇದೆ. ಇಂಥದ್ದೇ ಇನ್ನೊಂದು ತಾಣವಾದ ಟಿನ್‌ಐಯಲ್ಲಿ ಅತಿ ಹಳೆಯದು ಮೊದಲು ಬರುವಂತೆ ಜೋಡಿಸಿಕೊಳ್ಳಬಹುದು. ಹುಡುಕಾಟಕ್ಕೆ ಸಿಗದಿರಲೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಹಾಕುವುದುಂಟು. ಏನೂ ಸಿಗದಿದ್ದರೆ ಎಡಬಲ ತಿರುಗಿಸಿ ಮತ್ತೊಮ್ಮೆ ಹುಡುಕಿ. 2023ರ ಫೆಬ್ರುವರಿ 6ರ ಟರ್ಕಿ–ಸಿರಿಯಾ ಭೂಕಂಪದ ಬಳಿಕ, ಮಗುವನ್ನು ಅಪ್ಪಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಚಿತ್ರವೊಂದು ಕ್ರಿಪ್ಟೊ ವಿಳಾಸದ ಜೊತೆ ಟ್ವಿಟರ್‌ನಲ್ಲಿ ಹರಿದಾಡಿತ್ತು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಆ ಚಿತ್ರದಲ್ಲಿ ಕೈಗೆ ಆರು ಬೆರಳಿದ್ದವು. ಈಗ ಅಂಥ ತಪ್ಪು ಕಡಿಮೆಯಾಗಿದೆ. ಬೆರಳು ಎಣಿಸಿ ಸಮಾಧಾನಪಡುವಂತಿಲ್ಲ.

“ಸಂಜೆಯೊಳಗೆ ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ” ಎಂಬ ಗಡುವು ನಿಜವಾದ ಮನವಿಯಲ್ಲೂ ಇರಬಹುದು. ಅದೊಂದರಿಂದಲೇ ಯಾರನ್ನೂ ಕಳ್ಳರೆನ್ನುವುದು ಅನ್ಯಾಯ. ಆದರೆ ನಿಜವಾಗಿ ಕಷ್ಟದಲ್ಲಿರುವವರು ಆಸ್ಪತ್ರೆಯ ಹೆಸರು ಕೇಳಿದರೆ ಹೇಳುತ್ತಾರೆ. ಕೇಳಿದ್ದಕ್ಕೆ ಬೈದು ಬ್ಲಾಕ್ ಮಾಡಿದರೆ ಅನುಮಾನಕ್ಕೆ ಕಾರಣವಿದೆ.

ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ಫೋನ್ ಮಾಡಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಆ ವಹಿವಾಟನ್ನು ಪ್ರಶ್ನಿಸಿ ಅರ್ಜಿ ಹಾಕಬಹುದು. ಪ್ರೊಫೈಲ್‌ನ ಪೂರ್ತಿ ಲಿಂಕ್, ಚಾಟ್, ವಹಿವಾಟು ಸಂಖ್ಯೆ ಇವನ್ನೆಲ್ಲ ಉಳಿಸಿಕೊಂಡ ಮೇಲೆಯೇ ಜಾಲತಾಣಕ್ಕೆ ರಿಪೋರ್ಟ್ ಮಾಡಿ, ಏಕೆಂದರೆ ಖಾತೆ ಅಳಿಸಿಹೋದರೆ ಪೊಲೀಸರಿಗೆ ತೋರಿಸಲು ಪುರಾವೆ ಉಳಿಯದಿರಬಹುದು. ಕೆಲವು ದಿನಗಳ ನಂತರ “ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ” ಎಂಬ ಸಂದೇಶ ಬಂದರೆ ಉತ್ತರಿಸಬೇಡಿ. ಮೋಸಹೋದವರ ಪಟ್ಟಿ ವಂಚಕರ ನಡುವೆ ಕೈ ಬದಲಾಗುತ್ತದೆ.